ಕಬ್ಬಿಣ ಮುಟ್ಟಿದ ಸೊಪ್ಪು

ಹನಿ ಬಿದ್ದ ಕೂಡಲೇ ನೀಲಿಗಪ್ಪು ಬಣ್ಣ ಏಳಬೇಕಿತ್ತು. ಏಳಲಿಲ್ಲ.

ಪ್ರನಾಳದ ತಳದಲ್ಲಿ ಹಸಿರು ಬಣ್ಣ ತಿರುಗುತ್ತ ಮೇಲೆ ಬಂತು. ಕೆರೆಯಂಚಿನ ಪಾಚಿಯ ಹಸಿರು. ಅದನ್ನು ಕಿಟಕಿಯ ಬೆಳಕಿಗೆ ಹಿಡಿದೆ, ಇಳಿಸಿದೆ, ಮತ್ತೆ ಹಿಡಿದೆ. ಹಸಿರೇ.

"ಏನಾತ್ರಿ ಮೇಡಂ?" ಎಂದರು ಸರ್ಕಲ್ ಇನ್‌ಸ್ಪೆಕ್ಟರ್ ಪರಮಶಿವಪ್ಪ. ಬೆಳಿಗ್ಗೆಯಿಂದ ನಮ್ಮ ಕಾಲೇಜು ಲ್ಯಾಬಿನ ಸ್ಟೂಲಿನ ಮೇಲೆ ಕೂತಿದ್ದರು. ಮೆಥನಾಲ್ ವಾಸನೆಗೆ ಮೂಗಿಗೆ ಕರ್ಚೀಫು ಒತ್ತಿಕೊಂಡಿದ್ದರೂ ಬಾಯಲ್ಲಿ ಅಡಿಕೆ ಮಾತ್ರ ಬಿಟ್ಟಿರಲಿಲ್ಲ.

ಸ್ವಲ್ಪ ಬಾಯಿ ಮುಚ್ಚಿಕೊಂಡಿರಿ ಎಂದೆ. ಪೊಲೀಸರಿಗೆ ಹಾಗೆ ಹೇಳುವ ಅವಕಾಶ ಶಿಕಾರಿಪುರದ ಕೆಮಿಸ್ಟ್ರಿ ಟೀಚರಿಗೆ ದಿನಾ ಸಿಗುವುದಿಲ್ಲ. ಸಿಕ್ಕಾಗ ಈ ಧನ್ಯಾ ಬಿಡುವವಳೂ ಅಲ್ಲ.

ಊರಿನ ಒಣಸೊಪ್ಪಿನ ವ್ಯಾಪಾರಿ ಸಂಗಮೇಶ್ ಕಾಮಾಲೆಗೆಂದು ನಾಟಿ ಔಷಧಿ ಕುಡಿದು ಹೋದ ವಾರ ಸತ್ತಿದ್ದ. ಔಷಧಿ ಕೊಟ್ಟ ರಾಧಮ್ಮ, ಕುಬಟೂರಿನ ಪಕ್ಕದವರು, ನಿನ್ನೆ ಸಂಜೆಯಿಂದ ಸೊರಬದ ಠಾಣೆಯಲ್ಲಿದ್ದರು. ಇವತ್ತು ಸಂಜೆಯೊಳಗೆ ಅವರನ್ನು ಮ್ಯಾಜಿಸ್ಟ್ರೇಟರ ಮುಂದೆ ನಿಲ್ಲಿಸಬೇಕು. ಅಷ್ಟರಲ್ಲಿ ನನ್ನ ಪ್ರನಾಳಗಳು ಅವರ ಪರವಾಗಿ ಏನಾದರೂ ಹೇಳಬೇಕಿತ್ತು. ಇಲ್ಲವಾದರೆ ಕೊಲೆ ಕೇಸು ಗಟ್ಟಿ.

ಸಂಗಮೇಶನ ಹೃದಯ ತಾಳ ತಪ್ಪಿ ನಿಂತದ್ದನ್ನು ನೋಡಿದ ವೈದ್ಯರು ಕಣಗಿಲೆ ಎಲೆಯ ವಿಷವಿರಬೇಕೆಂದು ಶಂಕಿಸಿದ್ದರು. ಬೇಲಿಯಲ್ಲಿ ಬೆಳೆದು ದೇವರಿಗೆ ಹೂ ಕೊಡುವ ಗಿಡ ಅದು. ಎಲೆಯನ್ನು ದನವೂ ಮುಟ್ಟುವುದಿಲ್ಲ. ಸರ್ಕಾರಿ ಲ್ಯಾಬಿನ ವರದಿ ಬರಲು ಅದರದೇ ಸಮಯ ಬೇಕು. ಅದಕ್ಕೇ ನ್ಯಾಯಾಲಯದ ಅನುಮತಿ ಪಡೆದು, ಔಷಧಿ ಕುಡಿದ ದೊನ್ನೆಯಲ್ಲಿ ಉಳಿದ ಗಸಿಯಲ್ಲಿ ಒಂದಿಷ್ಟನ್ನು ಪರಮಶಿವಪ್ಪ ನನಗೆ ತಂದುಕೊಟ್ಟಿದ್ದರು.

ಎಲೆಗಳೊಳಗೆ ಫೀನಾಲಿಕ್ ಎಂಬ ಜಾತಿಯ ಸಂಯುಕ್ತಗಳಿರುತ್ತವೆ. ಚಹಾದ ಒಗರು ಅವುಗಳದು. ಬಾಳೆಕಾಯಿ ಹೆಚ್ಚಿದಾಗ ಬೆರಳಿಗೆ ಹತ್ತಿ ಸೋಪಿಗೂ ಜಗ್ಗದ ಕಪ್ಪು ಕರೆಯೂ ಅವುಗಳದೇ ಕೆಲಸ. ಎಲೆಯ ರಸಕ್ಕೆ ಕಬ್ಬಿಣದ ಲವಣದ ಹನಿ ಹಾಕಿದರೆ ಕೆಲವು ಸೊಪ್ಪು ನೀಲಿಗಪ್ಪಾಗುತ್ತವೆ, ಕೆಲವು ಹಸಿರಾಗುತ್ತವೆ. ಒಂದೊಂದು ಗಿಡದಲ್ಲೂ ಈ ಸಂಯುಕ್ತಗಳ ಜೋಡಣೆ ಬೇರೆ. ಆ ಜೋಡಣೆ ಗೊತ್ತಾದರೆ ಗಿಡದ ಗುರುತು ಸಿಕ್ಕ ಹಾಗೆ.

ಆದರೆ ಹೋಲಿಸಿ ನೋಡಲು ರಾಧಮ್ಮನ ನಿಜವಾದ ಸೊಪ್ಪು ಬೇಕಲ್ಲ? ಅದರ ಹೆಸರನ್ನು ಅವರು ಯಾರಿಗೂ ಹೇಳುವವರಲ್ಲ. ಅವರ ತಾಯಿ ಸಾಯುವಾಗ ಅವರ ಕಿವಿಯಲ್ಲಿ ಹೇಳಿ ಹೋದ ಹೆಸರು. ಅವರೂ ಸಾಯುವಾಗ ಮಗಳು ಚೈತ್ರಳ ಕಿವಿಯಲ್ಲಿ ಹೇಳಬೇಕು. ನಡುವೆ ಬಾಯಿಬಿಟ್ಟರೆ ಸೊಪ್ಪಿನ ಗುಣ ಹೋಗುತ್ತದೆ, ಆಮೇಲೆ ಬರುವ ರೋಗಿಗಳೆಲ್ಲ ಸಾಯುತ್ತಾರೆ. ಇದು ಅವರ ನಂಬಿಕೆ. ನಿನ್ನೆ ನನ್ನನ್ನೂ ಕರೆದುಕೊಂಡು ಅವರ ಮನೆಗೆ ಹೋದ ಪರಮಶಿವಪ್ಪ ಕೂಗಾಡಿ ಗಂಟಲು ಒಣಗಿಸಿಕೊಂಡದ್ದೇ ಬಂತು.

ನನಗೆ ಹೆಸರು ಬೇಕಿರಲಿಲ್ಲ. ಅರೆಯುವ ಕಲ್ಲು ಸಾಕು ಎಂದೆ. ಆ ಕಲ್ಲನ್ನು ರಾಧಮ್ಮನ ಹೊರತು ಬೇರೆಯವರು ಮುಟ್ಟುವಂತಿಲ್ಲ, ಮಗಳೂ ಮುಟ್ಟುವಂತಿಲ್ಲ. ಅವರೇ ನೀರು ಹೊಯ್ದು ಕಲ್ಲು ತೊಳೆದು ನನ್ನ ಬಾಟಲಿಗೆ ತುಂಬಿಸಿದರು. ಸೊಪ್ಪನ್ನು ಕೈಯಲ್ಲೇ ಚಿವುಟುತ್ತೇನೆ, ಕಲ್ಲಲ್ಲೇ ಅರೆಯುತ್ತೇನೆ, ಮುತ್ತುಗದೆಲೆಯ ದೊನ್ನೆಯಲ್ಲೇ ಕೊಡುತ್ತೇನೆ, ಕಬ್ಬಿಣ ಸೋಕಿಸುವುದಿಲ್ಲ ಎಂದು ತಾವಾಗಿಯೇ ಹೇಳಿದರು. ಹೆದರಿಕೆಯೇ ಇರಲಿಲ್ಲ ಆ ಮುಖದಲ್ಲಿ.

ಹೆದರಿಕೆ ಬಂದದ್ದು ನಾನು ದೊನ್ನೆಯ ಗಸಿಯನ್ನೂ ಪರೀಕ್ಷೆ ಮಾಡುತ್ತೇನೆ ಎಂದಾಗ.

"ಕಲ್ಲಿನ ನೀರು ತಗೊಂಡು ಹೋಗಿ ಮೇಡಮ್ಮಾ," ಎಂದು ನನ್ನ ಕೈ ಹಿಡಿದುಕೊಂಡರು. "ದೊನ್ನೇದು ಬ್ಯಾಡ. ಅದನ್ನ ಹಂಗೇ ಬಿಟ್ಬಿಡಿ. ನಿಮ್ಮ ಕಾಲಿಗೆ ಬೀಳ್ತೀನಿ."

ಸೊಪ್ಪಿನ ಗುಟ್ಟು ಬಯಲಾದೀತೆಂಬ ಭಯ ಎಂದುಕೊಂಡೆ. ಗುರುತು ಸಿಕ್ಕರೂ ಹೆಸರನ್ನು ಯಾರಿಗೂ ಹೇಳುವುದಿಲ್ಲ ಎಂದು ಮಾತು ಕೊಟ್ಟೆ. ಅವರಿಗೆ ಸಮಾಧಾನವಾದಂತೆ ಕಾಣಲಿಲ್ಲ.

ಗುರುತು ಸಿಕ್ಕಿತು. ಕಲ್ಲಿನ ನೀರು ಮಸಿಯಂತೆ ನೀಲಿಗಪ್ಪಾಯಿತು. ಸಿಲಿಕಾ ಬಳಿದ ತಟ್ಟೆಯ ಮೇಲೆ ಅದರ ಸಂಯುಕ್ತಗಳು ಬೇರೆಬೇರೆಯಾಗಿ ಏರಿ ನಿಂತ ರೀತಿಯನ್ನು ನೇರಳಾತೀತ ದೀಪದಡಿ ನನಗೆ ಗೊತ್ತಿದ್ದ ಸೊಪ್ಪುಗಳ ಜೊತೆ ಹೋಲಿಸಿ ನೋಡಿದಾಗ ಗಿಡ ಯಾವುದೆಂದು ತಿಳಿಯಿತು. ಎಷ್ಟೋ ಸಲ ತುಳಿದುಕೊಂಡೇ ಓಡಾಡಿರುವ ಗಿಡ. ಹೆಸರನ್ನು ಇಲ್ಲಿ ಬರೆಯುವುದಿಲ್ಲ, ಮಾತು ಕೊಟ್ಟಿದ್ದೇನೆ.

ಅದೇ ಹನಿಗೆ ದೊನ್ನೆಯ ಗಸಿ ಈಗ ಹಸಿರಾಗಿತ್ತು.

ಪರಮಶಿವಪ್ಪನವರನ್ನು ಕರೆದು ದೀಪದಡಿ ತಟ್ಟೆ ತೋರಿಸಿದೆ. ಮೊದಲ ಸಾಲು ರಾಧಮ್ಮನ ಕಲ್ಲಿನದು. ಎರಡನೆಯದು ಪೊಲೀಸ್ ಕ್ವಾರ್ಟರ್ಸಿನ ಬೇಲಿಯಿಂದ ನಾನೇ ಕಿತ್ತು ತಂದ ಕಣಗಿಲೆಯದು, ಅದರಲ್ಲಿ ಒಂದು ಗೆರೆ ಉಜಾಲಾದ ನೀಲಿಯಲ್ಲಿ ಹೊಳೆಯುತ್ತಿತ್ತು. ಮೂರನೆಯದು ಗಸಿಯದು. ಅದರಲ್ಲೂ ಅದೇ ಎತ್ತರದಲ್ಲಿ ಅದೇ ನೀಲಿ. ರಾಧಮ್ಮನ ಸೊಪ್ಪಿನ ಒಂದು ಗೆರೆಯೂ ಅದರಲ್ಲಿರಲಿಲ್ಲ. ದೊನ್ನೆಯ ಎಲೆಯಿಂದ ಏನಾದರೂ ಇಳಿದಿದೆಯೇ ಎಂದು ಖಾಲಿ ದೊನ್ನೆಯನ್ನೂ ನೆನೆಸಿ ನೋಡಿದ್ದೆ. ಅದಕ್ಕೂ ಇದಕ್ಕೂ ಸಂಬಂಧವಿಲ್ಲ.

"ಸಂಗಮೇಶ ಕುಡಿದದ್ದು ರಾಧಮ್ಮನ ಔಷಧಿಯೇ ಅಲ್ಲ, ಸಾಹೇಬರೆ," ಎಂದೆ. ದನಿಯಲ್ಲಿ ಸಂತೋಷ ಇತ್ತು, ಮುಚ್ಚಿಡುವುದೇಕೆ?

"ಹಂಗಂದ್ರ ಅಕಿ ಔಷಧಿ ಬದ್ಲಿ ಬರೇ ಕಣಗಿಲೆ ಕೊಟ್ಟಾಳ ಅಂತಾತು," ಎಂದರು ಅವರು. "ಇನ್ನೂ ಗಟ್ಟಿ ಆತಲ್ರಿ ಕೇಸು."

ಸಿಟ್ಟು ಬಂತು. ಅವರು ಹೇಳಿದ್ದರಲ್ಲಿ ತಪ್ಪೇನೂ ಇರಲಿಲ್ಲವಾದ್ದರಿಂದ ಇನ್ನೂ ಹೆಚ್ಚು ಸಿಟ್ಟು ಬಂತು.

ಗಸಿಯ ಶೀಸೆಯನ್ನು ಮತ್ತೆ ಕೈಗೆತ್ತಿಕೊಂಡೆ. ಬಂದಾಗಲೇ ಅದು ಕಪ್ಪಗಿತ್ತು. ಕೊಳೆತಿರಬೇಕೆಂದು ಬಿಟ್ಟಿದ್ದೆ. ಆಸಿಡ್ ಹಾಕಿ ಪರೀಕ್ಷಿಸಿದರೆ ಕಬ್ಬಿಣ ಸಿಕ್ಕಿತು, ತುಕ್ಕಿನಿಂದ ಬರುವಂಥದು, ಚೆನ್ನಾಗಿಯೇ ಇತ್ತು. ಅಂದರೆ ನಾನು ಹನಿ ಹಾಕುವುದಕ್ಕೆ ಮೊದಲೇ ಆ ಸೊಪ್ಪಿಗೆ ಕಬ್ಬಿಣ ಸೋಕಿದೆ. ಕಲ್ಲಿನಲ್ಲಿ ಅರೆದದ್ದಲ್ಲ ಅದು.

ಜೊತೆಗೆ ಇನ್ನೊಂದು ತೊಡಕು. ತಟ್ಟೆಗೆ ಕೆಲವು ಒಗರುಗಳನ್ನು ಕೆಂಪಾಗಿಸುವ ವೆನಿಲಿನ್ ದ್ರಾವಣ ಸಿಂಪಡಿಸಿ ಬಿಸಿ ಮಾಡಿದಾಗ ಗಸಿಯ ಸಾಲಿನಲ್ಲಿ ಒಂದು ಕೆಂಪು ಚುಕ್ಕೆ ಎದ್ದಿತು. ಕಣಗಿಲೆಯ ಸಾಲಿನಲ್ಲಿ ಅದಿಲ್ಲ. ರಾಧಮ್ಮನ ಸಾಲಿನಲ್ಲೂ ಆ ಎತ್ತರದಲ್ಲಿಲ್ಲ. ಎಲ್ಲಿಂದ ಬಂತು ಈ ಕೆಂಪು ಎಂದು ಯೋಚಿಸುತ್ತ ತಲೆಯೆತ್ತಿದರೆ ಎದುರಿಗೆ ಪರಮಶಿವಪ್ಪನವರ ಬಾಯಿ ಆಡುತ್ತಲೇ ಇತ್ತು.

ನಿಮ್ಮ ಜೇಬಿನ ಅಡಿಕೆ ಒಂದು ಹೋಳು ಕೊಡಿ ಎಂದೆ. ಕೊಟ್ಟರು, ನನಗೂ ಚಟ ಹತ್ತಿತೆಂದು ನಕ್ಕರು. ಪುಡಿ ಮಾಡಿ, ಮೆಥನಾಲಿನಲ್ಲಿ ನೆನೆಸಿ, ಗಸಿಯ ಪಕ್ಕದಲ್ಲೇ ಹೊಸ ತಟ್ಟೆಯ ಮೇಲೆ ಏರಿಸಿದೆ. ಅದೇ ಎತ್ತರದಲ್ಲಿ ಅದೇ ಕೆಂಪು ಎದ್ದಾಗ ಅವರ ನಗು ನಿಂತಿತು.

ಕಬ್ಬಿಣ ಮತ್ತು ಅಡಿಕೆ. ಸೊಪ್ಪು ಕುಟ್ಟುವಂಥದ್ದರಲ್ಲಿ ಎರಡೂ ಸೇರುವ ಜಾಗ ನಮ್ಮ ಮನೆಗಳಲ್ಲಿ ಒಂದೇ. ಹಲ್ಲಿಲ್ಲದ ಹಿರಿಯರು ಎಲೆಯಡಿಕೆ ಕುಟ್ಟಿಕೊಳ್ಳುವ ಕುಟ್ಟಾಣಿ.

"ಶಕುಂತಲಮ್ಮಗ ಹಲ್ಲಿಲ್ಲ," ಎಂದರು ಪರಮಶಿವಪ್ಪ ನಿಧಾನವಾಗಿ.

ಶಕುಂತಲಮ್ಮ ಸಂಗಮೇಶನ ತಾಯಿ. ವಿಷ ತಯಾರಾದದ್ದು ಸೊರಬದಲ್ಲಲ್ಲ, ಇಲ್ಲೇ ಶಿಕಾರಿಪುರದಲ್ಲಿ, ಸತ್ತವನ ಮನೆಯೊಳಗೇ ಎಂದು ನನಗೆ ಖಾತ್ರಿಯಾಯಿತು. ಏಪ್ರನ್ ಬಿಚ್ಚಿ ಎಸೆದೆ.

ಲ್ಯಾಬಿನ ವರಾಂಡದಲ್ಲಿ ಚೈತ್ರ ಬೆಳಿಗ್ಗೆಯಿಂದ ಕೂತಿದ್ದಳು. ಇಪ್ಪತ್ತರ ಆಸುಪಾಸಿನ ಹುಡುಗಿ, ತಾಯಿಗೆಂದು ತಂದ ಬುತ್ತಿ ಮಡಿಲಲ್ಲಿತ್ತು. ಸೊರಬಕ್ಕೆ ಜೀಪು ಹೋಗುವಾಗ ತನ್ನನ್ನೂ ಕರೆದೊಯ್ಯಬೇಕೆಂದು ಕಾಯುತ್ತಿದ್ದಳು. ನಿಮ್ಮವ್ವ ಮನೆಗೆ ಬರುತ್ತಾಳೆ, ಪರೀಕ್ಷೆ ಸುಳ್ಳು ಹೇಳುವುದಿಲ್ಲ ಎಂದು ಅವಳ ಕೈ ಅದುಮಿದೆ. ಉಗುರಿನ ಸಂದಿಗಳಲ್ಲಿ ಕಪ್ಪು ಕರೆ ಕೂತಿತ್ತು. ಸೊರಬದ ಕಡೆಯ ಹೆಂಗಸರ ಕೈ, ಅಡಿಕೆ ಸುಲಿದ ಕರೆ ಎಂದುಕೊಂಡೆ. ಅವಳು ಕೈ ಹಿಂದಕ್ಕೆಳೆದುಕೊಂಡು ಜೀಪಿನ ಹಿಂಬದಿಗೆ ಹತ್ತಿ ಕೂತಳು.

ಸಂಗಮೇಶನ ಮನೆಯ ಪಡಸಾಲೆಯಲ್ಲಿ ಅವನ ಫೋಟೋಕ್ಕೆ ಹಾಕಿದ ಹಾರ ಒಣಗಿತ್ತು. ಅದರ ಕೆಳಗೆ ಚಾಪೆಯ ಮೇಲೆ ಶಕುಂತಲಮ್ಮ ಕೂತಿದ್ದರು, ಹಣೆಯ ತುಂಬ ವಿಭೂತಿ. ದೊಡ್ಡ ಮಗ ಕೊಟ್ರೇಶ್ ಬಾಗಿಲಲ್ಲೇ ಎದುರಾದ. ಒಣಸೊಪ್ಪಿನ ಗೋದಾಮು ಅಣ್ಣತಮ್ಮಂದಿರದು ಜಂಟಿ, ಈಗ ಇವನೊಬ್ಬನದೇ.

ಕೊಟ್ರೇಶ್ ನನಗೆ ಹೊಸಬನಲ್ಲ. ತಮ್ಮನಿಗೆ ಕಾಮಾಲೆ ಬರುವುದಕ್ಕೆ ಎಷ್ಟೋ ಮುಂಚೆ, ಚಳಿಗಾಲದಲ್ಲಿ, ಯಾವನೋ ರೋಗಿಯ ಒಣಗಿದ ದೊನ್ನೆ ಹಿಡಿದು ಲ್ಯಾಬಿಗೆ ಬಂದಿದ್ದ. ಇದರಲ್ಲಿದ್ದ ಸೊಪ್ಪು ಯಾವುದೆಂದು ಕಂಡುಹಿಡಿದು ಕೊಡಬೇಕು, ಮಾತ್ರೆ ಮಾಡಿಸಿ ಮಾರಿದರೆ ಊರೇ ಉದ್ಧಾರವಾಗುತ್ತದೆ ಎಂದಿದ್ದ. ಒಣಗಿಹೋದ ಕರೆಯಿಂದ ಅದಾಗದು, ರಾಧಮ್ಮನನ್ನೇ ಕೇಳಿ ಎಂದು ಸಾಗಹಾಕಿದ್ದೆ. ಈಗ ಅವನು ಅದೊಂದೂ ನಡೆದೇ ಇಲ್ಲವೆಂಬಂತೆ ಕೈ ಮುಗಿದು ಕುರ್ಚಿ ತೋರಿಸಿದ.

ಕೊನೆಯ ದಿನದ ಔಷಧಿ ತಂದವರು ಯಾರೆಂದು ಪರಮಶಿವಪ್ಪ ಮತ್ತೊಮ್ಮೆ ಕೇಳಿದರು. ಕೊಟ್ರೇಶ್ ಹಿಂದೆ ಹೇಳಿದ್ದನ್ನೇ ಹೇಳಿದ. ತಾನೇ ಬೈಕಿನಲ್ಲಿ ಹೋಗಿದ್ದೆ, ರಾಧಮ್ಮ ತನ್ನ ಕೈಯಾರೆ ದೊನ್ನೆ ಕೊಟ್ಟರು, ಎಲ್ಲೂ ನಿಲ್ಲದೆ ತಂದು ತಮ್ಮನಿಗೆ ಕುಡಿಸಿದೆ. ಕಣ್ಣೊರೆಸಿಕೊಂಡ. ನಿಜವಾದ ದುಃಖವೋ ಅಲ್ಲವೋ ನನಗೆ ತಿಳಿಯಲಿಲ್ಲ. ದುಃಖಕ್ಕೆ ಹನಿ ಹಾಕಿ ನೋಡುವ ಪರೀಕ್ಷೆ ಇನ್ನೂ ಬಂದಿಲ್ಲ.

ನಾನು ಶಕುಂತಲಮ್ಮನ ಎದುರು ಚಾಪೆಯ ಅಂಚಿನಲ್ಲಿ ಕೂತೆ. ನಿಮ್ಮ ಕುಟ್ಟಾಣಿ ಸ್ವಲ್ಪ ನೋಡಬೇಕಿತ್ತು ಎಂದೆ.

"ನಮ್ಮ ಮನೆಯಾಗ ಕುಟ್ಟಾಣಿ ಇಲ್ರಿ," ಎಂದ ಕೊಟ್ರೇಶ್, ತಾಯಿ ಬಾಯಿ ತೆರೆಯುವ ಮುಂಚೆ.

"ಇತ್ತು," ಎಂದರು ತಾಯಿ.

ಈ ಮನುಷ್ಯ ಸಿಕ್ಕಿಬಿದ್ದ ಎಂದು ನನಗನ್ನಿಸಿತು. ಕುಟ್ಟಾಣಿ ಎಲ್ಲಿ, ಔಷಧಿ ಕುಡಿದ ದಿನ ಅದು ಯಾರ ಕೈಯಲ್ಲಿತ್ತು ಎಂದು ಕೇಳಿದೆ. ಗಸಿಯಲ್ಲಿ ಸಿಕ್ಕ ಕಬ್ಬಿಣ, ಅಡಿಕೆ ಎರಡನ್ನೂ ಬಿಡಿಸಿ ಹೇಳಿದೆ. ಸಂಗಮೇಶನನ್ನು ಕೊಂದ ಸೊಪ್ಪು ಕಬ್ಬಿಣದ ಕುಟ್ಟಾಣಿಯಲ್ಲೇ ಕುಟ್ಟಿದ್ದು, ಇದರಲ್ಲಿ ನನಗೆ ಅನುಮಾನವಿಲ್ಲ ಎಂದೆ. ಪರಮಶಿವಪ್ಪ ಅದನ್ನೆಲ್ಲ ಬರೆದುಕೊಂಡರು.

ಶಕುಂತಲಮ್ಮ ನನ್ನ ಮುಖವನ್ನೇ ನೋಡುತ್ತಿದ್ದರು. ಅವರ ತುಟಿಗಳು ಬಿಳಚಿಕೊಂಡಿದ್ದವು. ಎಲೆಯಡಿಕೆ ಹಾಕುವವರ ತುಟಿಗಳಲ್ಲ ಅವು. ಅದನ್ನು ನಾನು ಒಳಗೆ ಬಂದಾಗಲೇ ಗಮನಿಸಬೇಕಿತ್ತು.

"ಅದು ಇಲ್ಲಿಲ್ಲ ತಂಗಿ," ಎಂದರು. "ಕಾಮಾಲೆ ಔಷಧಿ ಶುರು ಆದ ದಿನ ಮನೆಯಾಗಿನ ಹಂಚು, ಈಳಿಗಿ, ಕತ್ತಿ ಎಲ್ಲಾ ಗೋದಾಮಿಗೆ ಹಾಕಿಸಿದೆ. ಕಬ್ಬಿಣ ಇರಬಾರದು. ಹೆತ್ತಾಕಿ ದಿನಾ ಕೈಯಾಗ ಹಿಡಿಯೋ ಕಬ್ಬಿಣ ಮಾತ್ರ ಔಷಧಿ ಕೊಡೋರ ಮನೆಯಾಗ ಇಡಬೇಕು. ಅದು ಪದ್ಧತಿ. ಮಗ ಎದ್ದು ಓಡ್ಯಾಡಿದ ಮ್ಯಾಲೆ ಹೋಗಿ ತರೋದು."

"ಅಂದರೆ ಕುಟ್ಟಾಣಿ..."

"ರಾಧಮ್ಮನ ಕೈಯಾಗ ಕೊಟ್ಟು ಬಂದೀನಿ, ಮೊದಲನೇ ದಿನಾನೇ. ಇನ್ನೂ ಅಲ್ಲೇ ಐತಿ." ಅವರು ಮಗನ ಫೋಟೋ ಕಡೆ ತಿರುಗಿದರು. "ಯಾಕ ತರ್ಲಿ ಇನ್ನ ಅದನ್ನ?"

ರಾಧಮ್ಮನನ್ನು ಬಿಡಿಸಲು ಬಂದವಳು ನಾನು. ಔಷಧಿಗೆ ಕಬ್ಬಿಣ ಸೋಕಿದೆ, ಆದ್ದರಿಂದ ಅದು ರಾಧಮ್ಮನದಲ್ಲ ಎಂದು ವಾದ ಕಟ್ಟಿಕೊಂಡು ಬಂದಿದ್ದೆ. ಆ ಕಬ್ಬಿಣ ರಾಧಮ್ಮನ ಮನೆಯಲ್ಲೇ ಇತ್ತು. ಅದರಲ್ಲೇ ವಿಷ ಕುಟ್ಟಿದ್ದಾರೆಂದು ಸಾಕ್ಷಿ ಸಮೇತ ಈಗಷ್ಟೇ ಹೇಳಿ ಮುಗಿಸಿದವಳೂ ನಾನೇ.

ಪರಮಶಿವಪ್ಪ ನನ್ನನ್ನು ನೋಡದೆ ಫೋನ್ ತೆಗೆದರು. ರಾಧಮ್ಮನ ಮನೆಗೆ ಕಾವಲಿಟ್ಟಿದ್ದ ಕಾನ್‌ಸ್ಟೇಬಲ್ ಲೋಕಪ್ಪನಿಗೆ ಹುಡುಕಲು ಹೇಳಿದರು. ನಮಗೆ ಕೊಟ್ಟ ಚಹಾ ಆರುವಷ್ಟರಲ್ಲಿ ಉತ್ತರ ಬಂತು. ಅಟ್ಟದ ಮೇಲೆ ಗೋಣಿಚೀಲದಡಿ ಕುಟ್ಟಾಣಿ ಸಿಕ್ಕಿದೆ, ಚೆನ್ನಾಗಿ ತೊಳೆದಿದ್ದಾರೆ, ಆದರೂ ಸಂದಿಯಲ್ಲಿ ಕಪ್ಪಗೆ ಏನೋ ಮೆತ್ತಿಕೊಂಡಿದೆ. ಲೋಕಪ್ಪ ಫೋಟೋ ಕಳಿಸಿದ್ದ. ಶಕುಂತಲಮ್ಮ ಅದನ್ನು ನೋಡಿ ಹೌದು, ತನ್ನದೇ ಎಂದರು. ಪರಮಶಿವಪ್ಪ ಆ ಫೋಟೋವನ್ನು ಸೊರಬ ಠಾಣೆಗೂ ಕಳಿಸಿ, ರಾಧಮ್ಮನಿಗೆ ತೋರಿಸಿ ಕೇಳಿ ಎಂದರು.

ನನಗೆ ಅಲ್ಲಿ ಕೂರಲಾಗಲಿಲ್ಲ. ಎದ್ದು ಹೊರಗೆ ಬಂದೆ.

ಜೀಪಿನ ನೆರಳಿನಲ್ಲಿ ಚೈತ್ರ ಬುತ್ತಿ ಹಿಡಿದು ನಿಂತಿದ್ದಳು. ಏನು ಗೊತ್ತಾಯಿತು ಎಂದು ಕೇಳಿದಳು. ಕುಟ್ಟಾಣಿ ಎಂದೆ, ಅಷ್ಟೇ. ಅವಳು ನನ್ನ ಮುಖ ನೋಡಲಿಲ್ಲ. ತನ್ನ ಬೆರಳುಗಳನ್ನು ನೋಡಿಕೊಂಡಳು.

ನಾನೂ ನೋಡಿದೆ. ಬಲಗೈಯ ಹೆಬ್ಬೆರಳು, ತೋರುಬೆರಳು, ಉಗುರಿನ ಸುತ್ತಲೂ ಕಪ್ಪು. ಬಿಸಿಲು ನೆತ್ತಿ ಸುಡುತ್ತಿತ್ತು, ಬೀದಿಯ ತುದಿಯಲ್ಲಿ ಮಾವಿನಹಣ್ಣಿನ ಗಾಡಿ ನಿಂತಿತ್ತು. ಮೇ ತಿಂಗಳು. ಅಡಿಕೆ ಸುಲಿಯುವ ಕೆಲಸ ಸಂಕ್ರಾಂತಿಯ ಹೊತ್ತಿಗೇ ಮುಗಿದಿತ್ತು. ಈ ಕರೆ ಅಡಿಕೆಯದಾಗಿರಲು ಸಾಧ್ಯವೇ ಇಲ್ಲ. ಸೊಪ್ಪಿನ ಒಗರು ಕಬ್ಬಿಣಕ್ಕೆ ಸೇರಿ ಚರ್ಮಕ್ಕೆ ಹತ್ತಿದ ಕರೆ ಅದು, ಬೆಳಿಗ್ಗೆಯಿಂದ ನನ್ನ ಪ್ರನಾಳದಲ್ಲಿ ನಾನು ಹುಡುಕುತ್ತಿದ್ದುದು. ನನ್ನ ವರಾಂಡದಲ್ಲೇ ಕೂತಿತ್ತು.

"ಯಾಕೆ ಚೈತ್ರ?" ಎಂದೆ.

ಅವಳು ಅಳಲಿಲ್ಲ. ತುಂಬ ದಿನದಿಂದ ಒಳಗೇ ಹೇಳಿಕೊಂಡು ಹೇಳಿಕೊಂಡು ಸವೆದ ಮಾತನ್ನು ಹೇಳುವವಳಂತೆ ಹೇಳಿದಳು. ಆವತ್ತು ಅವ್ವ ಮನೆಯಲ್ಲಿರಲಿಲ್ಲ. ಬಂದಳಿಕೆ ಊರಿನ ನೆಂಟರ ಮನೆಯಲ್ಲಿ ಹೆರಿಗೆಯಾಗಿತ್ತು, ಬಾಣಂತಿಗೆ ಕಷ್ಟವೆಂದು ಹೇಳಿಕಳಿಸಿದ್ದರು, ಬೆಳಕು ಹರಿಯುವ ಮುಂಚೆಯೇ ಹೋಗಿದ್ದಳು. ಕೊಟ್ರೇಶ್ ಬಂದಾಗ ಇವಳೊಬ್ಬಳೇ. ಅವ್ವ ಇಲ್ಲ, ನಾಳೆ ಬನ್ನಿ ಎಂದಳು. ಒಂದು ದಿನ ತಪ್ಪಿದರೆ ತಮ್ಮ ಉಳಿಯುವುದಿಲ್ಲ ಎಂದ ಅವನು. ಜೇಬಿನಿಂದ ಒಣಸೊಪ್ಪಿನ ಪೊಟ್ಟಣ ತೆಗೆದ.

"ನಿಮ್ಮವ್ವನೇ ಕೊಟ್ಟು ಕಳ್ಸಿದ್ದು, ಸಂಗಮೇಶ ಒಣಗಿಸಿ ಇಟ್ಕೊಂಡಿದ್ದ, ಇದನ್ನೇ ಮಜ್ಜಿಗೇಲಿ ಕಲಸಿಕೊಡು ಅಂದ್ರು," ಎಂದಳು ಚೈತ್ರ. "ಪುಡಿಪುಡಿ ಆಗಿತ್ತು ಮೇಡಂ. ಯಾವ ಸೊಪ್ಪು ಅಂತ ನಂಗೆ ಹೆಂಗೆ ಗೊತ್ತಾಗ್ಬೇಕು? ಅವ್ವ ನಂಗೆ ಯಾವತ್ತೂ ತೋರಿಸ್ಲೇ ಇಲ್ಲ. ಸಾಯೋವಾಗ ಹೇಳ್ತೀನಿ ಅಂತಿದ್ಲು."

ಅವ್ವನ ಕಲ್ಲನ್ನು ಅವಳು ಮುಟ್ಟುವಂತಿಲ್ಲ. ಮುಟ್ಟಲಿಲ್ಲ, ನಿಯಮ ಮೀರಲಿಲ್ಲ. ಮೂಲೆಯಲ್ಲಿ ಶಕುಂತಲಮ್ಮನ ಕುಟ್ಟಾಣಿ ಇತ್ತು. ಒಳಗೆ ಅಡಿಕೆಯ ಚರಟ ಮೆತ್ತಿಕೊಂಡಿತ್ತು, ಸಂದಿಗಳಲ್ಲಿ ತುಕ್ಕಿತ್ತು. ಅದರಲ್ಲೇ ಕುಟ್ಟಿದಳು, ಬೆರಳಲ್ಲೇ ಬಳಿದು ದೊನ್ನೆಗೆ ಹಾಕಿದಳು. ಒಂದು ಜೀವ ಉಳಿಸಿದೆ ಎಂದು ಸಂಜೆ ತನಕ ಖುಷಿಯಾಗಿದ್ದಳಂತೆ.

ರಾಧಮ್ಮ ನನ್ನ ಕೈ ಹಿಡಿದು ದೊನ್ನೇದು ಬ್ಯಾಡ ಎಂದದ್ದು ನೆನಪಾಯಿತು. ಸೊಪ್ಪಿನ ಹೆಸರಿಗಾಗಿ ಹೆದರಿದ್ದಲ್ಲ ಆ ತಾಯಿ. ಮನೆಗೆ ಬಂದಾಗಲೇ ಮಗಳ ಬೆರಳು ನೋಡಿದ್ದರು. ಕುಟ್ಟಾಣಿಯನ್ನು ತೊಳೆದು ಅಟ್ಟಕ್ಕೆ ಹಾಕಿದವರೂ ಅವರೇ.

ಆದರೆ ಇದರಲ್ಲಿ ಒಂದು ದಾರಿಯೂ ಇತ್ತು. ರಾಧಮ್ಮನ ಕೈಯಿಂದಲೇ ದೊನ್ನೆ ಇಸಿದುಕೊಂಡೆ ಎಂದು ಕೊಟ್ರೇಶ್ ನಮ್ಮೆದುರಿಗೇ ಹೇಳಿದ್ದ. ಬಂದಳಿಕೆಯಲ್ಲಿ ಅವರನ್ನು ಕಂಡವರು ಬೇಕಾದಷ್ಟು ಜನ ಸಿಗುತ್ತಾರೆ. ಇದನ್ನು ಈಗಲೇ ಪರಮಶಿವಪ್ಪನವರಿಗೆ ಹೇಳೋಣ, ಹೆದರಬೇಡ, ನಾನಿದ್ದೇನೆ ಎಂದು ಅವಳ ಭುಜ ಹಿಡಿದೆ. ಅವಳು ತಲೆಯಾಡಿಸಿದಳು.

ಅಷ್ಟರಲ್ಲಿ ಪರಮಶಿವಪ್ಪ ಮೆಟ್ಟಿಲಿಳಿದು ಬಂದರು. ಫೋನು ಇನ್ನೂ ಕೈಯಲ್ಲಿತ್ತು.

"ನಿಮ್ಮ ಪರೀಕ್ಷಿ ಇನ್ನ ಬೇಕಾಗಿಲ್ರಿ ಮೇಡಂ," ಎಂದರು. "ಕುಟ್ಟಾಣಿ ಫೋಟೋ ನೋಡಿದ್ದೇ ತಡ, ರಾಧಮ್ಮ ಒಪ್ಪಿಕೊಂಡಾಳ. ತಾನೇ ಕುಟ್ಟಿ, ತಾನೇ ಕೊಟ್ಟೆ ಅಂತ."

ಚೈತ್ರ ಬುತ್ತಿಯನ್ನು ಜೀಪಿನ ಬಾನೆಟ್ಟಿನ ಮೇಲಿಟ್ಟು ಅವರ ಮುಂದೆ ಕೈ ಚಾಚಿ ನಿಂತಳು. ಕುಟ್ಟಿದ್ದು ತಾನು, ಅವ್ವ ಊರಲ್ಲೇ ಇರಲಿಲ್ಲ, ಕರೆ ನೋಡಿ ಎಂದಳು. ಅವರು ಆ ಕೈಗಳನ್ನು ನೋಡಿದರು. ತಾಯಿಯನ್ನು ಉಳಿಸಿಕೊಳ್ಳಲು ಮಗಳು ಏನಾದರೂ ಹೇಳುತ್ತಾಳೆ ಎಂಬ ಮರುಕ ಅವರ ಮುಖದಲ್ಲಿತ್ತು. ಅವಳನ್ನು ನಾನು ನಂಬುತ್ತೇನೆ, ರಾಧಮ್ಮ ಹೇಳಿದ್ದು ಸುಳ್ಳು ಎಂದೆ.

"ಸುಳ್ಳು ಹೇಳಾಕಿ ಸೊಪ್ಪಿನ ಹೆಸರು ಯಾಕ ಹೇಳ್ತಿದ್ಲು ಮೇಡಂ?" ಎಂದರು. "ನಿನ್ನೆ ನಾನು ಅಷ್ಟು ಬೈದ್ರೂ ಬಾಯಿ ಬಿಡಲಿಲ್ಲ. ಇವತ್ತು ಕೇಳದಿದ್ರೂ ಹೇಳ್ಯಾಳ. ಅದರ ಬದ್ಲಿ ಕಣಗಿಲೆ ಹಾಕಿದೆ ಅಂತ ಸಹಿ ಮಾಡ್ಯಾಳ."

ಬಗ್ಗಿ ನನ್ನ ಕಿವಿಯಲ್ಲಿ ಹೆಸರು ಹೇಳಿದರು. ಸರಿಯಾಗಿತ್ತು. ನನ್ನ ತಟ್ಟೆಯ ಮೇಲೆ ನಾನು ಕಂಡ ಗಿಡವೇ.

ಮಗಳ ಕಿವಿಗೆಂದು ಒಂದು ಜೀವಮಾನ ಕಾದಿಟ್ಟಿದ್ದ ಹೆಸರನ್ನು ಅವರು ಠಾಣೆಯ ಮೇಜಿನೆದುರು ಹೇಳಿಬಿಟ್ಟಿದ್ದರು. ಅದು ನಿಜವೆಂದು ನನ್ನ ಪರೀಕ್ಷೆಯೇ ಸಾಕ್ಷಿ ಹೇಳುತ್ತದೆ. ಆಮೇಲೆ ಅವರು ಹೇಳಿದ ಉಳಿದದ್ದನ್ನೆಲ್ಲ ಯಾರಾದರೂ ನಂಬುತ್ತಾರೆ. ಹೀಗೆ ಲೆಕ್ಕ ಹಾಕಿಯೇ ಆ ತಾಯಿ ಬಾಯಿ ಬಿಟ್ಟಿದ್ದರು. ನನಗೆ ಅಳು ಬಂತು, ಮುಖ ತಿರುಗಿಸಿಕೊಂಡೆ.

ತಿರುಗಿದಾಗ ಮೇಲಿನ ಮೆಟ್ಟಿಲ ಮೇಲೆ ಕೊಟ್ರೇಶ್ ನಿಂತಿರುವುದು ಕಂಡಿತು. ಎಷ್ಟು ಹೊತ್ತಿನಿಂದ ನಿಂತಿದ್ದನೋ. ತಮ್ಮನನ್ನು ಕೊಂದದ್ದು ತಾನೇ ಎಂದು ಒಬ್ಬ ಹೆಂಗಸು ಒಪ್ಪಿಕೊಂಡಿದ್ದಾಳೆಂಬ ಸುದ್ದಿ ಆಗಷ್ಟೇ ಅವನ ಕಿವಿಗೆ ಬಿದ್ದಿತ್ತು. ಯಾಕೆ ಕೊಂದಳು ಎಂದು ಅವನು ಕೇಳಲಿಲ್ಲ. ಒಳಗಿದ್ದ ತಾಯಿಯನ್ನೂ ಕರೆಯಲಿಲ್ಲ. ಒಂದು ಮೆಟ್ಟಿಲು ಇಳಿದು, ಕೈ ಒರೆಸಿಕೊಂಡು, ಬಹಳ ವಿನಯದಿಂದ ಕೇಳಿದ.

"ಸಾಹೇಬ್ರೆ, ಯಾವ ಸೊಪ್ಪಂತ್ರಿ ಅದು?"